ಬೊಜ್ಜು ಶಸ್ತ್ರಚಿಕಿತ್ಸೆಗೆ ಮುನ್ನ ಧೂಮಪಾನ ತ್ಯಾಗ

ಬೊಜ್ಜು ಶಸ್ತ್ರಚಿಕಿತ್ಸೆ (ಬೇರಿಯಾಟ್ರಿಕ್ ಸರ್ಜರಿ) ಮಾಡಿಸಿಕೊಳ್ಳುವವರು ಅದಕ್ಕೆ ಸಾಕಷ್ಟು ಮೊದಲೇ ಬೀಡಿ, ಸಿಗರೇಟು ಮುಂತಾದ ಎಲ್ಲ ಬಗೆಯ ತಂಬಾಕನ್ನೂ ಬಿಡುವುದು ಚಿಕಿತ್ಸೆಯ ಸಿದ್ಧತೆಯ ಮುಖ್ಯ ಭಾಗ. ಹೊಗೆ ಸೇದುವವರಲ್ಲಿ ಗಾಯ ತಡವಾಗಿ ಮಾಯುತ್ತದೆ. ಶ್ವಾಸಕೋಶದ ಸೋಂಕು, ರಕ್ತ ಹೆಪ್ಪುಗಟ್ಟುವಿಕೆ, ಜಠರ ಮತ್ತು ಕರುಳು ಕೂಡುವಲ್ಲಿ ಹುಣ್ಣು, ಇವೆಲ್ಲದರ ಅಪಾಯ ಹೆಚ್ಚುತ್ತದೆ. ಅಮೆರಿಕದ ವೈದ್ಯಸಂಘಗಳು 2019ರಲ್ಲಿ ಜಂಟಿಯಾಗಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ಸಾಧ್ಯವಾದರೆ ಒಂದು ವರ್ಷ, ಕನಿಷ್ಠವೆಂದರೂ 6 ವಾರ ಮೊದಲು ಸಿಗರೇಟು ನಿಲ್ಲಿಸಬೇಕು. ಅದೇ ಮಾರ್ಗಸೂಚಿ ಮುಂದೆ ಎಂದೂ ತಂಬಾಕು ಮುಟ್ಟಬಾರದು ಎಂದೂ ಹೇಳುತ್ತದೆ.

ಹಿನ್ನೆಲೆ

ಹೊಟ್ಟೆಯ ಹುಣ್ಣಿಗಾಗಿ ಜಠರದ ಒಂದು ಭಾಗ ತೆಗೆಸಿಕೊಂಡವರ ತೂಕ ಮತ್ತೆ ಏರುವುದಿಲ್ಲ ಎಂಬುದನ್ನು ಗಮನಿಸಿದ ಅಯೋವಾ ವಿಶ್ವವಿದ್ಯಾಲಯದ ಶಸ್ತ್ರವೈದ್ಯ ಎಡ್ವರ್ಡ್ ಮೇಸನ್ 1960ರ ದಶಕದಲ್ಲಿ ಗ್ಯಾಸ್ಟ್ರಿಕ್ ಬೈಪಾಸ್ ವಿಧಾನವನ್ನು ರೂಪಿಸಿದರು. ಈಗ ಅದರೊಂದಿಗೆ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಕತ್ತರಿಸಿ ತೆಗೆಯುವ ಸ್ಲೀವ್ ಗ್ಯಾಸ್ಟ್ರೆಕ್ಟಮಿಯೂ ವ್ಯಾಪಕವಾಗಿ ಬಳಕೆಯಲ್ಲಿದೆ. 2022ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) 35 ಅಥವಾ ಅದಕ್ಕಿಂತ ಹೆಚ್ಚಿರುವವರಿಗೆ ಶಸ್ತ್ರಚಿಕಿತ್ಸೆಯನ್ನು ಶಿಫಾರಸು ಮಾಡುತ್ತದೆ. ಏಷ್ಯಾದವರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಬರುವುದರಿಂದ ಅವರಿಗೆ 27.5ರಿಂದಲೇ ಈ ಚಿಕಿತ್ಸೆಯನ್ನು ಪರಿಗಣಿಸಬಹುದು.

ತುರ್ತು ಶಸ್ತ್ರಚಿಕಿತ್ಸೆಯಲ್ಲಿ ಸಿದ್ಧತೆಗೆ ಸಮಯವಿರುವುದಿಲ್ಲ. ಬೊಜ್ಜಿನ ಶಸ್ತ್ರಚಿಕಿತ್ಸೆ ಹಾಗಲ್ಲ. ದಿನ ಗೊತ್ತುಮಾಡಿಕೊಂಡು ಮಾಡುವಂಥದು. ಆದ್ದರಿಂದಲೇ ಅನೇಕ ಆಸ್ಪತ್ರೆಗಳು ತಂಬಾಕು ಬಿಡುವವರೆಗೆ ದಿನಾಂಕ ಕೊಡುವುದಿಲ್ಲ. ಇದನ್ನು ರೋಗಿಗೆ ಕೊಟ್ಟ ಶಿಕ್ಷೆ ಎಂದು ತಿಳಿಯಬೇಕಿಲ್ಲ. ತಪ್ಪಿಸಬಹುದಾದ ಅಪಾಯವನ್ನು ತಪ್ಪಿಸಲು ಸಿಕ್ಕ ಕಾಲಾವಕಾಶವಿದು.

ತಂಬಾಕಿನಿಂದಾಗುವ ತೊಂದರೆ

ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಇದರಿಂದ ಅಂಗಾಂಶಗಳಿಗೆ ತಲುಪುವ ಆಮ್ಲಜನಕ ಕಡಿಮೆಯಾಗುತ್ತದೆ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಕತ್ತರಿಸಿ ಹೊಲಿದ ಜಾಗ ಕೂಡಿಕೊಳ್ಳಲು ಬೇಕಾದದ್ದು ರಕ್ತ ಮತ್ತು ಆಮ್ಲಜನಕ. ತಂಬಾಕು ಎರಡಕ್ಕೂ ಅಡ್ಡಬರುತ್ತದೆ. ಶ್ವಾಸನಾಳದ ಒಳಮೈಯಲ್ಲಿ ಕಫವನ್ನು ಮೇಲಕ್ಕೆ ದೂಡುವ ಸೂಕ್ಷ್ಮ ರೋಮಗಳೂ ಹೊಗೆಯಿಂದ ನಿಷ್ಕ್ರಿಯವಾಗುತ್ತವೆ. ತೂಕ ಹೆಚ್ಚಿರುವವರಿಗೆ ಮಲಗಿದಾಗ ಉಸಿರಾಟ ಮೊದಲೇ ಕಷ್ಟ. ಅದರ ಜೊತೆ ಕಫವೂ ಕಟ್ಟಿಕೊಂಡರೆ ಅರಿವಳಿಕೆಯ ನಂತರ ನ್ಯುಮೋನಿಯ ಬರುವ ಸಂಭವ ಹೆಚ್ಚು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುವುದು ಈ ಶಸ್ತ್ರಚಿಕಿತ್ಸೆಯ ನಂತರದ ಸಾವುಗಳಿಗೆ ಪ್ರಮುಖ ಕಾರಣಗಳಲ್ಲಿ ಒಂದು. ಬೊಜ್ಜು ಮತ್ತು ಧೂಮಪಾನ ಎರಡೂ ಈ ಅಪಾಯವನ್ನು ಹೆಚ್ಚಿಸುತ್ತವೆ.

ಜೋಡಣೆಯ ಹುಣ್ಣು

ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲವನ್ನು ಬೇರ್ಪಡಿಸಿ, ಅದಕ್ಕೆ ಸಣ್ಣಕರುಳಿನ ಭಾಗವೊಂದನ್ನು ನೇರವಾಗಿ ಜೋಡಿಸುತ್ತಾರೆ. ಸಹಜವಾಗಿ ಜಠರದಿಂದ ಇಳಿಯುವ ಆಮ್ಲ ಮೊದಲು ಸೇರುವುದು ಸಣ್ಣಕರುಳಿನ ಮೊದಲ ಭಾಗವಾದ ಡ್ಯುಯೊಡಿನಮ್ಮನ್ನು. ಅಲ್ಲಿ ಕ್ಷಾರೀಯ ರಸಗಳು ಆಮ್ಲವನ್ನು ಶಮನ ಮಾಡುತ್ತವೆ. ಹೊಸ ಜೋಡಣೆಯಲ್ಲಿ ಆಹಾರ ಡ್ಯುಯೊಡಿನಮ್ಮಿಗೆ ಹೋಗದೆ ಮುಂದಿನ ಕರುಳಿಗೆ ನೇರವಾಗಿ ಬೀಳುತ್ತದೆ. ಚೀಲದಲ್ಲಿ ಊರುವ ಆಮ್ಲವೂ ಅಲ್ಲಿಗೇ ಇಳಿಯುತ್ತದೆ. ಆ ಕರುಳಿನ ಒಳಪದರಕ್ಕೆ ಆಮ್ಲವನ್ನು ತಾಳಿಕೊಳ್ಳುವ ಶಕ್ತಿ ಕಡಿಮೆ.

ಧೂಮಪಾನ ಅಲ್ಲಿನ ರಕ್ತಸಂಚಾರವನ್ನೂ ಒಳಪದರದ ರಕ್ಷಣೆಯನ್ನೂ ಕುಂದಿಸುವುದರಿಂದ ಜೋಡಣೆಯ ಅಂಚಿನಲ್ಲಿ ಹುಣ್ಣು ಹುಟ್ಟುತ್ತದೆ. ಮೇಲುಹೊಟ್ಟೆಯಲ್ಲಿ ಉರಿನೋವು, ವಾಕರಿಕೆ, ಊಟ ಸೇರದಿರುವುದು, ಮಲ ಕಪ್ಪಾಗುವುದು ಇದರ ಲಕ್ಷಣಗಳು. ಹುಣ್ಣು ರಕ್ತ ಸುರಿಸಬಹುದು; ತೂತು ಬಿದ್ದರೆ ತುರ್ತಾಗಿ ಮತ್ತೊಂದು ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಆಮ್ಲ ತಗ್ಗಿಸುವ ಔಷಧ ಕೊಟ್ಟರೂ ಸಿಗರೇಟು ಮುಂದುವರಿದರೆ ಹುಣ್ಣು ಮಾಯದೆ ಮರಳುವುದುಂಟು. ಸಕ್ಕರೆ ಕಾಯಿಲೆ, ಹೆಲಿಕೋಬ್ಯಾಕ್ಟರ್ ಪೈಲೊರಿ ಸೋಂಕು, ಮಂಡಿನೋವಿಗೆ ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾದರಿಯ ಮಾತ್ರೆಗಳು ಇದರ ಇತರ ಕಾರಣಗಳು. ಭಾರದಿಂದ ಮಂಡಿ ಸವೆದವರು ಈ ಮಾತ್ರೆಗಳನ್ನು ಅಂಗಡಿಯಿಂದ ತಾವೇ ತಂದು ನುಂಗುವುದು ಸಾಮಾನ್ಯವಾದ್ದರಿಂದ, ತಂಬಾಕಿನ ಜೊತೆಗೆ ಈ ಅಭ್ಯಾಸದ ಬಗ್ಗೆಯೂ ವೈದ್ಯರು ವಿಚಾರಿಸಬೇಕು.

ಸ್ಲೀವ್ ವಿಧಾನದಲ್ಲಿ ಇಂಥ ಜೋಡಣೆ ಇರುವುದಿಲ್ಲ. ಆದರೆ ಜಠರದ ಉದ್ದಕ್ಕೂ ಪಿನ್ನು ಹಾಕಿದ ಅಂಚು ಕೂಡಿಕೊಳ್ಳಲು ಒಳ್ಳೆಯ ರಕ್ತಸಂಚಾರ ಬೇಕೇ ಬೇಕು. ಈ ವಿಧಾನದ ನಂತರ ಕೆಲವರನ್ನು ಕಾಡುವ ಎದೆಯುರಿಯನ್ನೂ ಧೂಮಪಾನ ಹೆಚ್ಚಿಸುತ್ತದೆ.

ಎಷ್ಟು ಮೊದಲು ಬಿಡಬೇಕು?

ಕೊನೆಯ ಸಿಗರೇಟು ಸೇದಿದ ಒಂದು ದಿನದೊಳಗೆ ಕಾರ್ಬನ್ ಮಾನಾಕ್ಸೈಡ್‌ನ ಬಹುಪಾಲು ದೇಹದಿಂದ ಹೊರಹೋಗುತ್ತದೆ. ಶ್ವಾಸಕೋಶ ಮತ್ತು ಗಾಯ ಮಾಯುವ ಶಕ್ತಿ ಸುಧಾರಿಸಲು ವಾರಗಳು ಬೇಕು. ಯಾವುದೇ ಶಸ್ತ್ರಚಿಕಿತ್ಸೆಗೆ ಕನಿಷ್ಠ 4 ವಾರ ಮೊದಲು ಬಿಟ್ಟವರಲ್ಲಿ ತೊಡಕು ಕಡಿಮೆ ಎಂದೂ ಆ ಬಳಿಕದ ಪ್ರತಿ ತಂಬಾಕುಮುಕ್ತ ವಾರವೂ ಫಲಿತಾಂಶವನ್ನು ಶೇ. 19ರಷ್ಟು ಉತ್ತಮಪಡಿಸುತ್ತದೆ ಎಂದೂ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪ್ರಕಟಿಸಿತು. ಬಿಟ್ಟ ಮೊದಲ ದಿನಗಳಲ್ಲಿ ಕೆಲವರಿಗೆ ಕೆಮ್ಮು ಹೆಚ್ಚಬಹುದು. ಅದಕ್ಕೆ ಹೆದರಿ ಮತ್ತೆ ಸೇದಬಾರದು.

ಪರೀಕ್ಷೆ

ಹೇಳಿಕೆಯೊಂದನ್ನೇ ನೆಚ್ಚದೆ ಹಲವು ಕೇಂದ್ರಗಳು ಮೂತ್ರ, ರಕ್ತ ಅಥವಾ ಎಂಜಲಿನಲ್ಲಿ ಕೊಟಿನಿನ್ ಪರೀಕ್ಷೆ ಮಾಡಿಸುತ್ತವೆ. ನಿಕೋಟಿನ್ ಸುಮಾರು 2 ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ಅದರಿಂದ ದೇಹದಲ್ಲಿ ಉಂಟಾಗುವ ಕೊಟಿನಿನ್ ಅರ್ಧಕ್ಕಿಳಿಯಲು 16 ಗಂಟೆಗಳಷ್ಟು ಬೇಕಾಗುವುದರಿಂದ ಹಲವು ದಿನಗಳ ತನಕ ಪತ್ತೆಯಾಗುತ್ತದೆ. ನಿಕೋಟಿನ್ ಗಮ್ ಅಗಿಯುವವರಲ್ಲೂ ಈ ಪರೀಕ್ಷೆ ಪಾಸಿಟಿವ್ ಬರುತ್ತದೆ. ಅಂಥವರಿಗೆ ಉಸಿರಿನ ಕಾರ್ಬನ್ ಮಾನಾಕ್ಸೈಡ್ ಅಳೆಯುವ ಪರೀಕ್ಷೆ ಹೆಚ್ಚು ಉಪಯುಕ್ತ.

ಜಗಿಯುವ ತಂಬಾಕು

2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ಶೇ. 8.8 ಮಂದಿ ಹೊಗೆ ಸೇದುತ್ತಾರೆ. ಹೊಗೆಯಿಲ್ಲದ ತಂಬಾಕು ಬಳಸುವವರು ಶೇ. 16.3. ಹೀಗಿರುವಾಗ ಆಸ್ಪತ್ರೆಯಲ್ಲಿ “ಸಿಗರೇಟು ಸೇದುತ್ತೀರಾ?” ಎಂದಷ್ಟೇ ಕೇಳಿದರೆ ಸಾಲದು. ಊಟವಾದ ಮೇಲೆ ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕಿಕೊಳ್ಳುವ ಹೆಂಗಸು “ಇಲ್ಲ” ಎಂದೇ ಉತ್ತರಿಸುತ್ತಾಳೆ. ಅದು ಸುಳ್ಳೂ ಅಲ್ಲ. ಹೊಗೆಸೊಪ್ಪು, ಕಡ್ಡಿಪುಡಿ, ಗುಟ್ಕಾ, ನಶ್ಯ ಒಂದೊಂದರ ಹೆಸರನ್ನೂ ಹೇಳಿ ಕೇಳಬೇಕು. ಇವುಗಳಲ್ಲಿ ಹೊಗೆಯಿಲ್ಲ, ಆದರೆ ನಿಕೋಟಿನ್ ಇದೆ.

ಬಿಡುವ ವಿಧಾನಗಳು

ಆಪ್ತಸಮಾಲೋಚನೆ ಮತ್ತು ಔಷಧ ಎರಡೂ ಕೂಡಿದಾಗ ಯಶಸ್ಸು ಹೆಚ್ಚು. ನಿಕೋಟಿನ್ ಗಮ್ ಮತ್ತು ಪಟ್ಟಿ, ವರೆನಿಕ್ಲಿನ್, ಬುಪ್ರೊಪಿಯಾನ್ ಬಳಕೆಯಲ್ಲಿರುವ ಔಷಧಗಳು. ವರೆನಿಕ್ಲಿನ್ ಅನ್ನು ಸಾಮಾನ್ಯವಾಗಿ ಬಿಡುವ ದಿನಕ್ಕೆ ಒಂದು ವಾರ ಮೊದಲು ಶುರುಮಾಡಿ 12 ವಾರ ಕೊಡುತ್ತಾರೆ. ಮೂರ್ಛೆರೋಗ ಇರುವವರಿಗೆ ಬುಪ್ರೊಪಿಯಾನ್ ಸಲ್ಲದು. ಕೆಲವು ಕೇಂದ್ರಗಳು ಶಸ್ತ್ರಚಿಕಿತ್ಸೆಯ ಹೊತ್ತಿಗೆ ನಿಕೋಟಿನ್ ಗಮ್ ಕೂಡ ನಿಂತಿರಬೇಕೆನ್ನುತ್ತವೆ. ಇದನ್ನು ಮೊದಲೇ ತಿಳಿದುಕೊಳ್ಳಬೇಕು. ಕಿರಿಕಿರಿ, ನಿದ್ದೆಗೆಡುವುದು, ಹಸಿವು ಮೊದಲ ಎರಡು ಮೂರು ದಿನ ತೀವ್ರವಾಗಿದ್ದು, ಕೆಲವು ವಾರಗಳಲ್ಲಿ ತಗ್ಗುತ್ತವೆ. ರಾಷ್ಟ್ರೀಯ ತಂಬಾಕು ತ್ಯಜನ ಸಹಾಯವಾಣಿ 1800-11-2356 ಉಚಿತ. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದ ಮೂಲಕ ಕನ್ನಡದಲ್ಲೂ ಸಲಹೆ ದೊರೆಯುತ್ತದೆ.

ತೂಕ ಇಳಿಸಲೆಂದೇ ಬಂದವರಿಗೆ ಸಿಗರೇಟು ಬಿಟ್ಟರೆ ತೂಕ ಏರೀತೆಂಬ ಭಯ ಸಹಜ. ನಿಕೋಟಿನ್ ಹಸಿವನ್ನು ಅಡಗಿಸುವುದರಿಂದ, ಬಿಟ್ಟವರ ತೂಕ ಮೊದಲ ವರ್ಷದಲ್ಲಿ ಸರಾಸರಿ 4ರಿಂದ 5 ಕಿಲೋ ಹೆಚ್ಚುತ್ತದೆ. ಶಸ್ತ್ರಚಿಕಿತ್ಸೆಯಿಂದ ಇಳಿಯುವ ತೂಕದ ಮುಂದೆ ಇದು ಅಲ್ಪ. ಪಥ್ಯತಜ್ಞರನ್ನು ಆರಂಭದಿಂದಲೇ ಜೊತೆಗಿಟ್ಟುಕೊಂಡರೆ ಇದನ್ನೂ ಹತೋಟಿಯಲ್ಲಿಡಬಹುದು.

ಶಸ್ತ್ರಚಿಕಿತ್ಸೆಯ ನಂತರ

ಅಮೆರಿಕದ 10 ಆಸ್ಪತ್ರೆಗಳಲ್ಲಿ ಗ್ಯಾಸ್ಟ್ರಿಕ್ ಬೈಪಾಸ್ ಮಾಡಿಸಿಕೊಂಡವರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದರಲ್ಲಿ, ಹಿಂದಿನ ವರ್ಷ ಶೇ. 14ರಷ್ಟಿದ್ದ ಸೇದುವವರ ಪ್ರಮಾಣ ಶಸ್ತ್ರಚಿಕಿತ್ಸೆಯ ಹಿಂದಿನ ತಿಂಗಳು ಶೇ. 2ರ ಆಸುಪಾಸಿಗೆ ಇಳಿದಿತ್ತು. ಏಳು ವರ್ಷಗಳ ಬಳಿಕ ಮತ್ತೆ ಶೇ. 14ಕ್ಕೆ ಏರಿತ್ತು. ದಿನಾಂಕ ಸಿಗಲೆಂದು ಬಿಟ್ಟ ಚಟ ಕೆಲಸ ಮುಗಿದ ಮೇಲೆ ಮರಳುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ಜೋಡಣೆಯ ಹುಣ್ಣು ವರ್ಷಗಳ ನಂತರವೂ ಬರಬಹುದು. ಆದ್ದರಿಂದ ಪ್ರೋಟೀನ್, ವಿಟಮಿನ್ ಬಿ12, ಕಬ್ಬಿಣದ ಬಗ್ಗೆ ವಿಚಾರಿಸುವಂತೆಯೇ ಪ್ರತಿ ಭೇಟಿಯಲ್ಲೂ ತಂಬಾಕಿನ ಬಗ್ಗೆ, ಗದರಿಸದೆ, ವಿಚಾರಿಸಬೇಕು. ಎಡವಿದವರು ಅದನ್ನು ಮುಚ್ಚಿಡದೆ ಕೂಡಲೇ ಹೇಳಿಕೊಂಡರೆ, ಹುಣ್ಣಾಗುವ ಮೊದಲೇ ಔಷಧ ಮತ್ತು ಸಮಾಲೋಚನೆಯನ್ನು ಮತ್ತೆ ಶುರುಮಾಡಬಹುದು.