ಅಟ್ಟ ಹತ್ತಿದ ರಕೂನನ್ನು ಎಲ್ಲಿಗೆ ಕಳಿಸುವುದು?

ಕನ್ನಡದಲ್ಲಿ ರಕೂನ್‌ಗೆ ಹೆಸರಿಲ್ಲ. ಅದು ಉತ್ತರ ಅಮೆರಿಕದ ಪ್ರಾಣಿಯಾದ್ದರಿಂದ ಹೆಸರಿಡುವ ಅಗತ್ಯ ನಮಗೆ ಬೀಳಲಿಲ್ಲ. ಕಣ್ಣ ಸುತ್ತ ಕಳ್ಳನ ಮುಖವಾಡದಂಥ ಕಪ್ಪು ಪಟ್ಟಿ, ಬಾಲದಲ್ಲಿ ಉಂಗುರಗಳು, ಕೈಗಳಂತೆ ಕೆಲಸ ಮಾಡುವ ಮುಂಗಾಲುಗಳು. ಹೆಸರಿಟ್ಟವರೆಲ್ಲ ಮೊದಲು ಗಮನಿಸಿದ್ದು ಆ ಕೈಗಳನ್ನೇ. ವರ್ಜೀನಿಯಾದ ಪೊವ್ಹಾಟನ್ ಜನರ ಮಾತಿನಲ್ಲಿ ಅದು ಕೈಯಿಂದ ಉಜ್ಜುವ, ಕೆರೆಯುವ ಪ್ರಾಣಿ. ಹದಿನೇಳನೇ ಶತಮಾನದ ಆರಂಭದಲ್ಲಿ ಇಂಗ್ಲಿಷರು ಆ ಪದವನ್ನು ತಮ್ಮ ಕಿವಿಗೆ ಕೇಳಿದಂತೆ ಬರೆದುಕೊಂಡರು. ಅದೇ ಸವೆದು ರಕೂನ್ ಆಯಿತು. ಜರ್ಮನ್ ಮತ್ತು ಜಪಾನಿ ಭಾಷೆಗಳಲ್ಲಿ ಅದು 'ತೊಳೆಯುವ ಕರಡಿ'.

ಪ್ರಾಣಿಗಳನ್ನು ಮನುಷ್ಯರು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಿದ ಇತಿಹಾಸ ನನ್ನ ಸಂಶೋಧನೆಯ ಆಸಕ್ತಿಗಳಲ್ಲೊಂದು. ಹಾಗಾಗಿ ಅಮೆರಿಕ, ಕೆನಡಾದ ಮನೆಗಳಲ್ಲಿ ಪ್ರತಿ ವಸಂತದಲ್ಲೂ ಏಳುವ ಒಂದು ಪ್ರಶ್ನೆ ನನಗೆ ಬರಿಯ ಗೃಹಕೃತ್ಯದ ವಿಷಯವಾಗಿ ಕಾಣುವುದಿಲ್ಲ. ಅಟ್ಟದಲ್ಲಿ ರಕೂನ್ ಸೇರಿಕೊಂಡಿದೆ; ಕೊಲ್ಲಲು ಮನಸ್ಸಿಲ್ಲ, ಏನು ಮಾಡುವುದು? ಹೆಚ್ಚಿನವರಿಗೆ ಮೊದಲು ಹೊಳೆಯುವ ಉತ್ತರ ಒಂದೇ: ಬೋನಿನಲ್ಲಿ ಹಿಡಿದು ದೂರದ ಕಾಡಿಗೆ ಬಿಟ್ಟುಬನ್ನಿ. ಕೇಳಲು ಇದು ಕರುಣೆಯ ಮಾತೇ. ಆದರೆ ರಕೂನ್‌ಗಳನ್ನು 'ದೂರ ಬಿಟ್ಟುಬಂದ' ಚರಿತ್ರೆ ಈ ಮಾತನ್ನು ಒಪ್ಪುವುದಿಲ್ಲ.

1934ರ ಏಪ್ರಿಲ್‌ನಲ್ಲಿ ಜರ್ಮನಿಯ ಎಡರ್‌ಸೇ ಜಲಾಶಯದ ಬಳಿಯ ಕಾಡಿನಲ್ಲಿ ಎರಡು ಜೋಡಿ ರಕೂನ್‌ಗಳನ್ನು ಬಿಡಲಾಯಿತು. 1945ರಲ್ಲಿ ಬರ್ಲಿನ್ನಿನ ಪೂರ್ವಕ್ಕಿರುವ ಸ್ಟ್ರಾಸ್‌ಬರ್ಗ್ ಬಳಿ ತುಪ್ಪಳಕ್ಕಾಗಿ ಸಾಕಿದ್ದ ಇನ್ನಷ್ಟು ರಕೂನ್‌ಗಳು ತಪ್ಪಿಸಿಕೊಂಡವು. ಇಂದು ಕಾಸೆಲ್ ನಗರದ ಹೆಂಚಿನ ಮನೆಗಳ ಅಟ್ಟಗಳಲ್ಲಿ ಅವು ಮಾಮೂಲು. 2016ರಲ್ಲಿ ಯುರೋಪಿಯನ್ ಒಕ್ಕೂಟ ತನ್ನ ಆಕ್ರಮಣಕಾರಿ ಅನ್ಯಜೀವಿಗಳ ಮೊದಲ ಪಟ್ಟಿಯಲ್ಲೇ ರಕೂನನ್ನು ಸೇರಿಸಿತು.

ಜಪಾನಿನ ಕಥೆ ಸಾಹಿತ್ಯದ ವಿದ್ಯಾರ್ಥಿಗಳಿಗೆ ಇನ್ನೂ ಹತ್ತಿರದ್ದು. ಅಮೆರಿಕದ ಸ್ಟರ್ಲಿಂಗ್ ನಾರ್ತ್ 1963ರಲ್ಲಿ ತನ್ನ ಬಾಲ್ಯದ ರಕೂನ್ ಕುರಿತು 'ರಾಸ್ಕಲ್' ಎಂಬ ಪುಸ್ತಕ ಬರೆದ. 1977ರಲ್ಲಿ ಅದು ಜಪಾನಿನಲ್ಲಿ ದೂರದರ್ಶನದ ಅನಿಮೇಷನ್ ಸರಣಿಯಾಯಿತು. ಮಕ್ಕಳು ರಕೂನ್ ಬೇಕೆಂದು ಹಟ ಹಿಡಿದರು, ಮರಿಗಳು ಆಮದಾದವು. ಬೆಳೆದ ರಕೂನ್ ಮನೆಯಲ್ಲಿ ಸಾಕುವ ಪ್ರಾಣಿಯಲ್ಲ ಎಂದು ತಿಳಿಯುವ ಹೊತ್ತಿಗೆ ಅನೇಕರು ಕಥೆಯ ಹುಡುಗ ಕೊನೆಯಲ್ಲಿ ಮಾಡಿದ್ದನ್ನೇ ಮಾಡಿದರು, ಕಾಡಿಗೆ ಬಿಟ್ಟರು. ಕೆಲವು ತಪ್ಪಿಸಿಕೊಂಡವು. ಅವುಗಳ ಸಂತತಿ ಹೊಲಗಳಿಗೆ ನುಗ್ಗಿತು, ಹಳೆಯ ದೇಗುಲಗಳ ಮರದ ಚಾವಣಿಗಳನ್ನು ಸೇರಿತು. 2005ರಲ್ಲಿ ಜಾರಿಗೆ ಬಂದ ಕಾನೂನು ರಕೂನ್‌ಗಳ ಆಮದು ಮತ್ತು ಸಾಕಣೆಯನ್ನು ನಿರ್ಬಂಧಿಸಿತು.

ತವರು ನೆಲದಲ್ಲೇ ಸಾಗಿಸಿದ್ದರ ಫಲ ಇವೆರಡಕ್ಕಿಂತ ಘೋರ. ಫ್ಲಾರಿಡಾ ಮತ್ತು ಸುತ್ತಲಿನ ರಾಜ್ಯಗಳ ರಕೂನ್‌ಗಳಲ್ಲಿ ರೇಬೀಸ್ ರೋಗದ ಒಂದು ತಳಿ ನೆಲೆಸಿತ್ತು. ಬೇಟೆಗೆಂದು ಅಲ್ಲಿಂದ ಹಿಡಿದ ರಕೂನ್‌ಗಳನ್ನು ಉತ್ತರಕ್ಕೆ ತಂದು ಬಿಡುವ ರೂಢಿಯಿತ್ತು. 1970ರ ದಶಕದ ಕೊನೆಯಲ್ಲಿ ವರ್ಜೀನಿಯಾ ಮತ್ತು ಪಶ್ಚಿಮ ವರ್ಜೀನಿಯಾದ ಗಡಿಯಲ್ಲಿ ಅದೇ ತಳಿ ಕಾಣಿಸಿಕೊಂಡಿತು. ಅದು ಹೀಗೆ ತಂದ ಪ್ರಾಣಿಗಳೊಂದಿಗೇ ಬಂದಿತೆಂದು ತಜ್ಞರ ಅಭಿಪ್ರಾಯ. ರೋಗ ಪೂರ್ವ ಕರಾವಳಿಯುದ್ದಕ್ಕೂ ಹಬ್ಬಿ 1999ರಲ್ಲಿ ಕೆನಡಾದ ಆಂಟೇರಿಯೊ ತಲುಪಿತು. ಹಿಡಿದ ಕಾಡುಪ್ರಾಣಿಯನ್ನು ಸಿಕ್ಕ ಜಾಗದಿಂದ 1 ಕಿಲೋಮೀಟರ್ ಒಳಗೇ ಬಿಡಬೇಕೆಂಬ ಆಂಟೇರಿಯೊದ ನಿಯಮವನ್ನು ಈ ಹಿನ್ನೆಲೆಯಲ್ಲಿ ಓದಿದರೆ ಅದು ವಿಚಿತ್ರವೆನಿಸದು.

ಇನ್ನೊಂದು ಕಾರಣವೂ ಇದೆ. ವಸಂತದಲ್ಲಿ ಅಟ್ಟ ಸೇರುವುದು ಬಹುಮಟ್ಟಿಗೆ ತಾಯಿ ರಕೂನ್. ಅದಕ್ಕೆ ಬೇಕಾದದ್ದು ಹಳೆಯ ಮರದ ಪೊಟರೆ. ಅದಿಲ್ಲದ ಕಡೆ ಅಟ್ಟ, ಚಿಮಣಿಗಳೇ ಪೊಟರೆ. ಬೋನಿಗೆ ಬಿದ್ದ ತಾಯಿಯನ್ನು ದೂರ ಒಯ್ದರೆ, ಕಣ್ಣು ಬಿಡದ ಮರಿಗಳು ಇನ್ಸುಲೇಷನ್ ಹತ್ತಿಯ ನಡುವೆ ಹಸಿದು ಸಾಯುತ್ತವೆ. ಅಪರಿಚಿತ ಕಾಡಿನಲ್ಲಿ ತಾಯಿಗೂ ಬಿಲ ಗೊತ್ತಿಲ್ಲ, ನೀರು ಗೊತ್ತಿಲ್ಲ. ಇತ್ತ ಅಟ್ಟದ ಕಂಡಿ ತೆರೆದೇ ಇರುತ್ತದೆ. ಇನ್ನೊಂದು ರಕೂನ್ ಬಂದು ಸೇರುತ್ತದೆ.

ಹಾಗಾಗಿ ಈಗ ಬಲ್ಲವರು ಹೇಳುವ ದಾರಿ ಬೇರೆ. ಅವಸರವಿಲ್ಲದಿದ್ದರೆ ಮರಿಗಳು ತಾಯಿಯ ಹಿಂದೆ ಓಡಾಡುವಷ್ಟು ಬೆಳೆಯುವ ತನಕ ಕೆಲವು ವಾರ ಕಾಯುವುದು. ಕಾಯಲಾಗದಿದ್ದರೆ ಅಟ್ಟದಲ್ಲಿ ದೀಪ ಉರಿಸಿ, ರೇಡಿಯೋ ಮಾತಾಡಿಸಿ ಅಲ್ಲಿನ ನೆಮ್ಮದಿ ಕೆಡಿಸುವುದು. ತಾಯಿಗೆ ಸಾಮಾನ್ಯವಾಗಿ ಬೇರೆ ಬಿಲಗಳೂ ತಿಳಿದಿರುತ್ತವೆ. ನುರಿತವರಾದರೆ ಮರಿಗಳನ್ನು ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು ಕಂಡಿಯ ಹೊರಗಿಡುತ್ತಾರೆ, ಕಂಡಿಗೆ ಹೊರಕ್ಕಷ್ಟೇ ತೆರೆಯುವ ಬಾಗಿಲು ಕೂರಿಸುತ್ತಾರೆ. ರಾತ್ರಿ ತಾಯಿ ಮರಿಗಳ ಕತ್ತು ಕಚ್ಚಿ ಒಂದೊಂದಾಗಿ ಬೇರೆಡೆಗೆ ಸಾಗಿಸುತ್ತದೆ. ಇಲ್ಲಿಯೂ ಸಾಗಣೆಯೇ ನಡೆಯುತ್ತದೆ, ಆದರೆ ಎಲ್ಲಿಗೆಂದು ತೀರ್ಮಾನಿಸುವುದು ತಾಯಿ.

ಕರ್ನಾಟಕದಲ್ಲೂ ಊರಿಗೆ ಬಂದ ಕೋತಿಗಳನ್ನು ಹಿಡಿದು ವಾಹನದಲ್ಲಿ ಕಾಡಂಚಿಗೆ ಬಿಡುವುದನ್ನು ನಾವು ನೋಡಿದ್ದೇವೆ. ಪ್ರಾಣಿ ಕಣ್ಮರೆಯಾದರೆ ಸಮಸ್ಯೆ ಮುಗಿಯಿತು ಎಂಬ ನಂಬಿಕೆ ಅಲ್ಲೂ ಇದೆ, ಇಲ್ಲೂ ಇದೆ. ಅದು ಕಾಡಂಚಿನ ಊರಿನವರಿಗೆ ಹೊಸ ಸಮಸ್ಯೆಯಾಗಿ ಇಳಿಯುತ್ತದೆ ಎಂಬುದು ವಾಹನ ಹತ್ತಿಸಿದವರಿಗೆ ಕಾಣುವುದಿಲ್ಲ.

ಕೊನೆಗೆ ಉಳಿಯುವುದು ಮನೆಯ ಕೆಲಸ. ಕಸದ ತೊಟ್ಟಿಯ ಮುಚ್ಚಳ ಭದ್ರಪಡಿಸಬೇಕು, ಚಾವಣಿಗೆ ತಾಗುವ ಕೊಂಬೆ ಕತ್ತರಿಸಬೇಕು, ಚಿಮಣಿಗೆ ಟೋಪಿ ಹಾಕಬೇಕು, ಕಂಡಿಗೆ ದಪ್ಪ ಕಬ್ಬಿಣದ ಜಾಲರಿ ಹೊಡೆಯಬೇಕು. ಅದಕ್ಕೂ ಮೊದಲು ಕಂಡಿಗೆ ಹಳೆಯ ಪತ್ರಿಕೆ ಮುದುರಿ ತುರುಕಿ ಎರಡು ಮೂರು ದಿನ ನೋಡಬೇಕು. ಒಳಗೆ ಯಾರಾದರೂ ಉಳಿದಿದ್ದರೆ ಅದನ್ನು ಹೊರಗೆ ನೂಕುತ್ತಾರೆ. ಕಾಗದ ಇದ್ದಲ್ಲೇ ಇದ್ದರೆ ಮಾತ್ರ ಸುತ್ತಿಗೆ ಎತ್ತಿಕೊಳ್ಳಬಹುದು.