ರುಂಡಾ ಡೈರಿ – 14: ಮಾಂಬಳ ಮತ್ತು ಮೊಂಬಾಸಾದ ಅಚಾರಿ

ಕಳೆದ ವಾರ ಮಾಂಬಳದ ಫೋಟೋ ಹಾಕಿದಾಗ ಘಟ್ಟದ ಮೇಲಿನ ಕೆಲವರು "ಇದೇನು, ಚಪ್ಪಲಿ ಹೊಲಿಯುವ ಚರ್ಮವಾ?" ಅಂತ ಕೇಳಿದ್ದಿರಿ. ಅದಕ್ಕೇ ಈ ಪೋಸ್ಟ್. ನೈಟ್ ಡ್ಯೂಟಿ ಮುಗಿಸಿ ಬಂದು ನಿದ್ದೆ ಬಾರದೆ ಬರೆದದ್ದು, ಸ್ವಲ್ಪ ಉದ್ದ ಇದೆ.

ಮಾಂಬಳ ಅಂದರೆ ಮಾವಿನ ಹಣ್ಣಿನ ರಸವನ್ನು ಬಿಸಿಲಲ್ಲಿ ಒಣಗಿಸಿದ್ದು. ಉತ್ತರದವರ ಆಮ್ ಪಾಪಡ್, ಆಂಧ್ರದವರ ಮಾಮಿಡಿ ತಾಂಡ್ರ, ಕೊಂಕಣಿಗರ ಸಾಟ ಎಲ್ಲ ಇದರ ನೆಂಟರೇ. ಈಗ ಪ್ಯಾಕೆಟ್‌ನಲ್ಲಿ ಸಿಗುವ ತಿಂಡಿ. ಆದರೆ ದಕ್ಷಿಣ ಕನ್ನಡ, ಕಾಸರಗೋಡಿನ ಹಳೆಯ ಮನೆಗಳಲ್ಲಿ ಅದು ಮಳೆಗಾಲದ ದಾಸ್ತಾನು. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ತೋಡು ತುಂಬಿ ಪೇಟೆಗೆ ಹೋಗುವುದೇ ಕಷ್ಟ, ಹಿತ್ತಿಲಲ್ಲಿ ತರಕಾರಿಯೂ ಇಲ್ಲ. ಹಾಗಾಗಿ ಏಪ್ರಿಲ್-ಮೇ ಬಿಸಿಲು ಇರುವಾಗಲೇ ಹಲಸಿನ ಹಪ್ಪಳ ಒಣಗಬೇಕು, ಸೊಳೆ ಉಪ್ಪಿಗೆ ಬೀಳಬೇಕು, ಮಾಂಬಳ ಅಟ್ಟ ಸೇರಬೇಕು. ಜುಲೈಯಲ್ಲಿ ಒಂದು ತುಂಡು ನೆನೆಹಾಕಿ, ಮೆಣಸು ಬೆಲ್ಲ ಸೇರಿಸಿ ಗೊಜ್ಜು ಮಾಡಿದರೆ ಅವತ್ತಿನ ಊಟ ಆಯಿತು.

ಅದಕ್ಕೆ ಒಳ್ಳೆಯ ಹಣ್ಣು ಯಾರೂ ಹಾಕುತ್ತಿರಲಿಲ್ಲ. ಕಾಟು ಮಾವು, ಅಂದರೆ ಚಿಕ್ಕದು, ನಾರು ನಾರು, ಹುಳಿ, ಕತ್ತರಿಸಿ ತಿನ್ನಲು ಬಾರದ್ದು. ಬೆಳಿಗ್ಗೆ ಮರದಡಿ ಹೆಕ್ಕಿ ತಂದು, ಕೈಯಲ್ಲೇ ಹಿಂಡಿ, ರಸ ಸೋಸಿ, ಅಂಗಳದ ಚಾಪೆಯ ಮೇಲೆ ತೆಳ್ಳಗೆ ಸವರುವುದು. ಮರುದಿನ ಒಣಗಿದ್ದರ ಮೇಲೆ ಇನ್ನೊಂದು ಪದರ. ಹೀಗೆ ದಿನಕ್ಕೊಂದು. ಅವಸರ ಮಾಡಿ ದಪ್ಪ ಹಾಕಿದರೆ ಮೇಲೆ ಒಣಗಿ ಒಳಗೆ ಹಸಿ ಉಳಿಯುತ್ತದೆ, ಬೂಸ್ಟು ಹಿಡಿಯುವುದು ಅಲ್ಲಿಂದಲೇ. ಕೊನೆಗೆ ಎಬ್ಬಿಸಿದಾಗ ಅಡಿಯಲ್ಲಿ ಚಾಪೆಯ ಗೆರೆ ಅಚ್ಚಾಗಿರುತ್ತಿತ್ತು. ಮಕ್ಕಳಾಗಿದ್ದಾಗ ನಾವು ಆ ಗೆರೆ ನೆಕ್ಕಿಕೊಂಡೇ ತಿನ್ನುತ್ತಿದ್ದದ್ದು.

ನಮ್ಮ ಮನೆಯ ಕಾಟು ಮಾವಿನ ಮರ ರಸ್ತೆ ಅಗಲ ಮಾಡುವಾಗ ಹೋಯಿತು. ಅಮ್ಮ ಮಾಂಬಳ ಬಿಟ್ಟು ಹತ್ತು ವರ್ಷವಾಯಿತು. ಎರಡು ವರ್ಷದ ಹಿಂದೆ ಅಜ್ಜಿಗೆ ಸ್ಟ್ರೋಕ್ ಆಗಿ ಮಾತು ಅರ್ಧಕ್ಕೆ ನಿಂತಿದೆ. ಇಲ್ಲಿ ಸ್ಟ್ರೋಕ್ ಆದವರನ್ನು ದಿನಾ ನೋಡುವವಳು ನಾನು, ಅವತ್ತು ಅಜ್ಜಿಯ ಹತ್ತಿರ ಮಾತ್ರ ಇರಲಿಲ್ಲ. ಆಮೇಲೆ ಒಂದೇ ಹಟ ಹಿಡಿಯಿತು, ಅವರು ನೋಡುವಾಗಲೇ ನಾನೊಮ್ಮೆ ಮಾಡಬೇಕು ಅಂತ.

ಮೊದಲ ಸಲ ಊರಿನ ಕ್ಯಾಲೆಂಡರ್ ನಂಬಿ ಏಪ್ರಿಲ್‌ನಲ್ಲಿ ಶುರು ಮಾಡಿದೆ. ನೈರೋಬಿಯಲ್ಲಿ ದೊಡ್ಡ ಮಳೆ ಮಾರ್ಚಿನಿಂದ ಮೇವರೆಗೆ! ನಾಲ್ಕನೇ ದಿನ ಹಸಿರು ಬೂಸ್ಟು, ಎಲ್ಲ ಕಸದ ಬುಟ್ಟಿಗೆ. (ಬೂಸ್ಟು ಕೆರೆದು ಉಳಿದದ್ದನ್ನು ತಿನ್ನಬೇಡಿ, ಅದರ ಬೇರು ಕಣ್ಣಿಗೆ ಕಾಣದಷ್ಟು ಒಳಗೆ ಇಳಿದಿರುತ್ತದೆ.) ಇಲ್ಲಿ ಮಾವಿನ ಸುಗ್ಗಿ ನವೆಂಬರ್‌ನಿಂದ ಮಾರ್ಚ್‌, ಒಳ್ಳೆಯ ಬಿಸಿಲು ಜನವರಿ-ಫೆಬ್ರವರಿಗೆ. ಅಂದರೆ ಇಲ್ಲಿಯ ಮಾಂಬಳ ಸಂಕ್ರಾಂತಿಯ ಕೆಲಸ.

ಆ ಜನವರಿಯಲ್ಲಿ ಸ್ಟೀಲ್ ತಟ್ಟೆಯಲ್ಲಿ ಮಾಡಿ ವಾರ್ಡಿಗೆ ಒಯ್ದೆ. ಇವರಿಗೇನು ಗೊತ್ತು ಅನ್ನುವ ಸಣ್ಣ ಜಂಬ ಇತ್ತು. ಮೊಂಬಾಸಾ ಕಡೆಯ ಸಿಸ್ಟರ್ ಒಬ್ಬರು ಬಾಯಿಗೆ ಹಾಕಿದವರೇ "ಅಚಾರಿಗೆ ಖಾರ ಹಾಕಲು ಮರೆತೆಯಾ?" ಅಂದರು. ಕರಾವಳಿಯಲ್ಲಿ ಒಣ ಮಾವಿಗೆ ಉಪ್ಪು, ಸಕ್ಕರೆ, ಮೆಣಸು ಬೆರೆಸಿ ಮಾರುತ್ತಾರೆ, ಅದರ ಹೆಸರೇ ಅಚಾರಿ. ಪರ್ಷಿಯನ್ ಮೂಲದ ನಮ್ಮ ಅಚಾರ್ ಪದವೇ.

ಕೀನ್ಯಾದಲ್ಲಿ ಭಾರತದ್ದು ಏನು ಕಂಡರೂ ರೈಲಿನ ಲೆಕ್ಕಕ್ಕೆ ಬರೆಯುವುದು ರೂಢಿ. 1896ರಲ್ಲಿ ಮೊಂಬಾಸಾದಿಂದ ಹಳಿ ಹಾಕಲು ಶುರು, 1899ರಲ್ಲಿ ಹಳಿ ಇಲ್ಲಿ ತಲುಪಿ ನೈರೋಬಿ ಹುಟ್ಟಿತು, 1901ರಲ್ಲಿ ಸರೋವರದ ದಡ. ಸುಮಾರು 32,000 ಕೂಲಿಗಳು ಬಂದರು, ಹೆಚ್ಚಿನವರು ಪಂಜಾಬಿನವರು, 2,500ರಷ್ಟು ಮಂದಿ ಸತ್ತರು. ಆದರೆ ಸಮುದ್ರದ ದಾರಿ ಅದಕ್ಕಿಂತ ಎಷ್ಟೋ ಹಳೆಯದು. ಇಬ್ನ್ ಬತೂತ 1331ರಲ್ಲಿ ಮೊಗದಿಶುವಿನಲ್ಲಿ ಉಂಡಾಗ ಎಲೆಯಲ್ಲಿ, ಅಲ್ಲ, ತಟ್ಟೆಯಲ್ಲಿ, ಉಪ್ಪಿನಲ್ಲಿ ಹಾಕಿದ ನಿಂಬೆ, ಹಸಿ ಶುಂಠಿ, ಮಾವು ಇದ್ದವು. ಅದೇ ಮನುಷ್ಯ 1340ರ ದಶಕದಲ್ಲಿ ನಮ್ಮ ಹೊನ್ನಾವರದಲ್ಲಿ ಉಂಡಾಗ ಅನ್ನ ತುಪ್ಪದ ಜೊತೆ ಬಡಿಸಿದ್ದೂ ಹೆಚ್ಚುಕಡಿಮೆ ಇವನ್ನೇ. ಇವತ್ತಿನ ಅಚಾರಿ ಆ ಉಪ್ಪಿನಕಾಯಿಯ ಮೊಮ್ಮಗಳು ಅಂತ ನಾನು ವಾದಿಸುವುದಿಲ್ಲ. ಆದರೆ ಈ ರುಚಿಯನ್ನು ಆಫ್ರಿಕಾಕ್ಕೆ ತಂದವಳು ನಾನೇ ಅನ್ನುವ ಜಂಬ ಅವತ್ತೇ ಇಳಿಯಿತು.

ರಾತ್ರಿ ವಿಡಿಯೋ ಕಾಲ್‌ನಲ್ಲಿ ಅಜ್ಜಿಗೆ ತೋರಿಸಿದೆ. ತಿರುಗಿಸು ಅಂತ ಕೈಸನ್ನೆ ಮಾಡಿದರು. ತಿರುಗಿಸಿದೆ. ತುಂಬ ಹೊತ್ತು ತಡಕಾಡಿ, "ಚಾಪೆ... ಎಲ್ಲಿ ಮಗಾ?" ಅಂದರು.

ಸಿಸ್ಟರ್‌ಗೆ ಹೇಳಿದೆ. ರಜೆಗೆ ಹೋದವರು ಊರಿಂದ ಮ್ಕೇಕಾ ತಂದುಕೊಟ್ಟರು, ತಾಳೆ ಜಾತಿಯ ಗರಿಯಲ್ಲಿ ಹೆಣೆದ ಸ್ವಾಹಿಲಿ ಚಾಪೆ. ಬಣ್ಣ ಹಾಕಿದ್ದು ಬೇಡ, ರಸಕ್ಕೆ ಇಳಿಯುತ್ತದೆ ಅಂತ ಮೊದಲೇ ಹೇಳಿದ್ದೆ. ಈ ಜನವರಿಯಲ್ಲಿ ಹನ್ನೆರಡು ಪದರ ಹಾಕಿದೆ. ಕರೂರಾ ಕಾಡಿನ ಕಡೆಯಿಂದ ಬರುವ ಮಂಗಗಳು ಒಂದು ಮೂಲೆ ಹರಿದುಕೊಂಡು ಹೋದವು, ಗೇಟಿನ ಅಸ್ಕಾರಿ ಉಳಿದದ್ದನ್ನು ಕಾದರು.

ಕಳೆದ ವಾರದ ಫೋಟೋ ಅದರದ್ದೇ. ಅಜ್ಜಿ ನೋಡಿ ಏನೂ ಹೇಳಲಿಲ್ಲ, ಮೊಬೈಲ್ ಪರದೆಯ ಮೇಲೆ ಬೆರಳಿಟ್ಟು ಗೆರೆ ಸವರಿದರು ಅಂತ ಅಮ್ಮ ಹೇಳಿದರು. ಅರ್ಧ ಡಬ್ಬಿಯಲ್ಲಿದೆ, ಊರಿಗೆ ಹೋಗುವವರು ಯಾರಾದರೂ ಇದ್ದರೆ ತಿಳಿಸಿ.