ಶಾಂತಕವಿ: ವೃತ್ತಿರಂಗದ ಲೆಕ್ಕಕ್ಕೆ ಸೇರಿಹೋದ ಹವ್ಯಾಸಿ

ಶಾಂತಕವಿಯೆಂಬ ಹೆಸರಿನಲ್ಲಿ ಬರೆದ ಸಕ್ಕರಿ ಬಾಳಾಚಾರ್ಯರನ್ನು (1856–1920) ಕನ್ನಡ ವೃತ್ತಿರಂಗಭೂಮಿಯ ಚರಿತ್ರೆಗಳು ಮೊದಲ ಪುಟದಲ್ಲಿ ನೆನೆದು ಎರಡನೆಯದರಲ್ಲಿ ಮರೆಯುತ್ತವೆ. 1870ರ ದಶಕದಲ್ಲಿ ಗದುಗಿನಲ್ಲಿ ‘ಉಷಾಹರಣ’ವನ್ನು ಬರೆದು ಆಡಿಸಿದರು ಎಂಬಲ್ಲಿಗೆ ಮಾತು ಮುಗಿಯುತ್ತದೆ. ಈ ಮರೆವಿಗೆ ದಾಖಲೆಗಳ ಕೊರತೆಯನ್ನು ಕಾರಣವಾಗಿ ಹೇಳುವುದುಂಟು. ನನಗೆ ತೋರುವಂತೆ ತಪ್ಪು ಇರುವುದು ವರ್ಗೀಕರಣದಲ್ಲಿ. ಕಂಪನಿಯ ಬಾಳಿಕೆಯನ್ನೂ ನಟನ ಕಂಠವನ್ನೂ ಅಳತೆಗೋಲಾಗಿಸಿಕೊಂಡ ಚರಿತ್ರೆಯಲ್ಲಿ ಗದುಗಿನವರೇ ಆದ ನಟ, ಕಂಪನಿ ಮಾಲಕ ಗರುಡ ಸದಾಶಿವರಾಯರು ಎದ್ದು ಕಾಣುತ್ತಾರೆ; ಸಾಲಿ ಮಾಸ್ತರಿಕೆಯಿಂದ ಹೊಟ್ಟೆ ಹೊರೆದು ನಾಟಕ ಕಟ್ಟಿದವರಿಗೆ ಅಲ್ಲಿ ಜಾಗ ಸಾಲದು.

ಬಾಳಾಚಾರ್ಯರ ಕಾಲದ ಮುಂಬಯಿ ಪ್ರಾಂತದ ಕನ್ನಡ ಸೀಮೆಯಲ್ಲಿ ಮರಾಠಿಯದೇ ಮೇಲುಗೈ. ಮರಾಠಿ ಮೇಳಗಳು ಊರೂರಿಗೆ ಬಂದು ಜನರನ್ನು ಸೆಳೆಯುತ್ತಿದ್ದವು. ಅದಕ್ಕೆ ಇದಿರಾಗಿ ಎದ್ದುನಿಂತವರಲ್ಲಿ ಹಣ ಹೂಡುವವರಿಗಿಂತ ಓದುಬರಹದವರು ಮುಂದೆ ಇದ್ದರು: ಚುರಮರಿ ಶೇಷಗಿರಿರಾಯರ ಕನ್ನಡ ಶಾಕುಂತಲ 1869ರದು, ಶೇಕ್ಸ್‌ಪಿಯರನ ಪ್ರಹಸನವೊಂದನ್ನು ಕನ್ನಡಿಸಿದ ಡೆಪ್ಯುಟಿ ಚನ್ನಬಸಪ್ಪನವರು ವಿದ್ಯಾಖಾತೆಯವರು. ಶಾಂತಕವಿಗಳ ತಂಡಕ್ಕಿದ್ದ ಹೆಸರು ‘ಶ್ರೀ ವೀರನಾರಾಯಣ ಪ್ರಸಾದಿತ ಕೃತಪುರ ನಾಟಕ ಮಂಡಳಿ’. ಆ ಹೆಸರಿನಲ್ಲಿ ದೇವರಿದ್ದಾನೆ, ಊರಿದೆ (ಕೃತಪುರವೆಂದರೆ ಗದಗು), ಮಾಲಕನಿಲ್ಲ. ವಸ್ತುವಿನ ಆಯ್ಕೆಯೂ ಸಂಗೀತ ಬಲ್ಲವರದೇ. ಕನಸಿನಲ್ಲಿ ಕಂಡವನಿಗಾಗಿ ಹಂಬಲಿಸುವ ಉಷೆ, ಒಬ್ಬೊಬ್ಬರ ಚಿತ್ರ ಬರೆದು ತೋರಿಸುತ್ತ ಅನಿರುದ್ಧನವರೆಗೆ ಬರುವ ಚಿತ್ರಲೇಖೆ, ಕೊನೆಗೆ ಬಾಣಾಸುರನ ಯುದ್ಧ: ಶೃಂಗಾರಕ್ಕೂ ವೀರಕ್ಕೂ ಪದ ಕಟ್ಟಲು ಇದಕ್ಕಿಂತ ಅನುಕೂಲದ ಕಥೆ ಭಾಗವತದಲ್ಲಿ ಅಪರೂಪ. ಬಯಲಾಟ, ಯಕ್ಷಗಾನಗಳ ಪ್ರೇಕ್ಷಕರಿಗೆ ಅದು ಮೊದಲೇ ಪರಿಚಿತ.

ಇದೆಲ್ಲ ಮರಾಠಿಯ ನಕಲೆಂಬ ಆಕ್ಷೇಪ ಹಳೆಯದು. ಸ್ಪರ್ಧೆಯ ಕಾವು ಅಲ್ಲಿಂದ ಬಂದದ್ದು ನಿಜ, ಮಾದರಿಯ ಮಾತು ಬೇರೆ. ಮರಾಠಿ ನಾಟಕಕಾರ ಕಿರ್ಲೋಸ್ಕರರ ‘ಸಂಗೀತ ಶಾಕುಂತಲ’ ಪುಣೆಯಲ್ಲಿ ರಂಗಕ್ಕೆ ಬಂದದ್ದು 1880ರಲ್ಲಿ, ‘ಉಷಾಹರಣ’ದ ಅನಂತರ. ಅದಕ್ಕೂ ಹಿಂದಿನ ವಿಷ್ಣುದಾಸ ಭಾವೆಯವರು 1843ರಲ್ಲಿ ಸಾಂಗ್ಲಿಯಲ್ಲಿ ಆಟ ಕಟ್ಟಿದಾಗ ಕರ್ನಾಟಕದ ಭಾಗವತರ ಆಟ ಪ್ರೇರಣೆಯಾಗಿತ್ತೆಂಬುದನ್ನು ಮರಾಠಿ ಚರಿತ್ರಕಾರರೂ ಒಪ್ಪುತ್ತಾರೆ. ಸಾಲ ಕೊಟ್ಟವರನ್ನೇ ಸಾಲಗಾರರೆನ್ನುವುದು ವಿಚಿತ್ರ.

ಮಂಡಳಿ ಸಾರ್ವಜನಿಕರೆದುರು ಆಡಿದ್ದರಿಂದ ಅದನ್ನು ವೃತ್ತಿರಂಗವೆನ್ನಲೇಬೇಕು ಎಂಬ ವಾದ ಇನ್ನಷ್ಟು ಗಟ್ಟಿಯಾದದ್ದು. ಮುಂದಿನ ಕಂಪನಿಗಳಿಗೆ ದಾರಿ ತೆರೆದದ್ದು ಅದೇ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ದಾರಿ ತೆರೆದವರೆಲ್ಲ ಆ ದಾರಿಯಲ್ಲೇ ದುಡಿದು ಉಣ್ಣಬೇಕೆಂದಿಲ್ಲ. ಶಾಂತಕವಿಗಳ ಜೀವನೋಪಾಯ ಶಾಲೆಯಾಗಿತ್ತು. ರಂಗ ಅವರ ಕನ್ನಡದ ಕೆಲಸದ ಒಂದು ಅಂಗ. ಹೀಗೆ ನೋಡಿದರೆ ಅವರ ಕೀರ್ತನಕಾರ ಜೀವನವೂ ಬೇರೆಯಾಗಿ ಕಾಣುತ್ತದೆ. ನಾಟಕ ಕೈಬಿಟ್ಟು ಹರಿಕಥೆಗೆ ಸರಿದರೆಂದು ಅದನ್ನು ಬದಿಗಿಡುವುದು ಸರಿಯಲ್ಲ. ಕೀರ್ತನೆಯಲ್ಲಿ ಒಬ್ಬನೇ ಎಲ್ಲ ಪಾತ್ರಗಳ ಮಾತಾಡಬೇಕು, ಪದ ಹಾಡಬೇಕು, ತಾಳ ಹಿಡಿದು ನಿಂತಲ್ಲೇ ಅಭಿನಯಿಸಬೇಕು. ಪರದೆ, ವೇಷ, ನಟರ ಸಂಬಳ ಯಾವುದೂ ಬೇಡ. ಹಾಗಾಗಿ ಕೀರ್ತನೆ ಅವರ ನಾಟಕದ ಮುಂದುವರಿಕೆಯೇ. ಅವರ ನಾಟಕದ ಪದಗಳನ್ನೂ ಕೀರ್ತನೆಯ ಪದಗಳನ್ನೂ ಒಟ್ಟಿಗಿಟ್ಟು ಓದುವ ಕೆಲಸ ಇಲ್ಲಿಂದಲೇ ಶುರುವಾಗಬೇಕು.